ಹನ್ನೆರಡು ವರ್ಷದ ಜೋಡಿಗೆ ಊರು ಚಿಕ್ಕದಾಯಿತೇ?

ಪ್ರಶ್ನೆ: ನಾನು ಮತ್ತು ನನ್ನ ಗೆಳತಿ ಹನ್ನೆರಡು ವರ್ಷದಿಂದ ಜೋಡಿಯಾಗಿ ಹಾಡುತ್ತಿದ್ದೇವೆ. ಸಾಹಿತ್ಯ ನನ್ನದು, ಮುಖ್ಯ ದನಿಯೂ ನನ್ನದೇ. ಅವಳು ರಾಗ ಹಾಕುತ್ತಾಳೆ, ಗಿಟಾರ್ ನುಡಿಸುತ್ತಾಳೆ, ಎರಡನೇ ದನಿ ಸೇರಿಸುತ್ತಾಳೆ. ಊರಿನ ಮೂರು ಜಾಗಗಳಲ್ಲಿ ವರ್ಷಕ್ಕೆ ಇಪ್ಪತ್ತನಾಲ್ಕು ಕಾರ್ಯಕ್ರಮ ಕೊಡುತ್ತೇವೆ. ಪ್ರತಿ ಸಲ ಹದಿನಾಲ್ಕು ಹಾಡು, ಹೆಚ್ಚು ಕಡಿಮೆ ಅವೇ. ಮೊದಲು ಜನ ನಿಂತು ಕೇಳುತ್ತಿದ್ದರು. ಎರಡು ವರ್ಷದಿಂದ ಕುರ್ಚಿಗಳು ಖಾಲಿ ಉಳಿಯುತ್ತಿವೆ. ದೊಡ್ಡ ನಗರಕ್ಕೆ ಹೋಗೋಣ ಎನ್ನುತ್ತಾಳೆ ಅವಳು. ನನಗೆ ಕೆಲಸ ಇದೆ, ಚಿಕ್ಕ ಮಗು ಇದೆ. ಡ್ರಮ್ಸ್ ಸೇರಿಸಿಕೊಳ್ಳಿ, ಸರಿಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಸ್ವಂತ ಹಾಡು ಮೂವತ್ತರಷ್ಟಿವೆ, ಯಾವುದರಲ್ಲಿ ಯಾರ ಪಾಲು ಎಷ್ಟು ಅಂತ ಎಲ್ಲೂ ಬರೆದಿಟ್ಟಿಲ್ಲ. ಇದನ್ನೆಲ್ಲ ಅವಳ ಮುಂದೆ ಎತ್ತಲು ಭಯವಾಗುತ್ತದೆ. ಏನು ಮಾಡಲಿ?

ಉತ್ತರ: ಹನ್ನೆರಡು ವರ್ಷ ಒಬ್ಬರ ಪಕ್ಕ ಒಬ್ಬರು ನಿಂತು ಹಾಡಿದ್ದೀರಿ. ಇದು ಸಣ್ಣ ವಿಷಯ ಅಲ್ಲ. ಇಪ್ಪತ್ತೈದು ವರ್ಷ ವೇದಿಕೆಯ ಶಬ್ದ ನೋಡಿಕೊಂಡಿದ್ದೇನೆ, ಎಷ್ಟೋ ಜೋಡಿಗಳ ಕಾರ್ಯಕ್ರಮ ಜೋಡಿಸಿಕೊಟ್ಟಿದ್ದೇನೆ. ಹೆಚ್ಚಿನವು ಮೂರು ನಾಲ್ಕು ವರ್ಷಕ್ಕೇ ಮುಗಿದುಹೋದವು. ಹಾಗಾಗಿ ನಿಮ್ಮ ಪತ್ರ ಓದಿದಾಗ ಮೊದಲು ಸಂತೋಷ ಆಯಿತು. ಆಮೇಲೆ ಒಂದು ಲೆಕ್ಕ ಹಾಕಿ ನೋಡಿದೆ.

ನಿಮ್ಮ ಪ್ರತಿ ಕಾರ್ಯಕ್ರಮಕ್ಕೂ ಬರುವ ಒಬ್ಬ ಕೇಳುಗರು ಇದ್ದಾರೆ ಅಂದುಕೊಳ್ಳಿ. ಅವರು ವರ್ಷಕ್ಕೆ ಅದೇ ಹದಿನಾಲ್ಕು ಹಾಡನ್ನು ಇಪ್ಪತ್ತನಾಲ್ಕು ಸಲ ಕೇಳುತ್ತಾರೆ. ಅಷ್ಟು ಬೇಡ, ತಿಂಗಳಿಗೊಮ್ಮೆ ಬರುತ್ತಾರೆ ಎನ್ನಿ. ಆಗಲೂ ಹನ್ನೆರಡು ಸಲ. ನಿಮ್ಮ ಹತ್ತಿರ ಮೂವತ್ತು ಹಾಡಿವೆ. ಅರ್ಧಕ್ಕಿಂತ ಜಾಸ್ತಿ ಹಾಡುಗಳು ಮನೆಯಲ್ಲೇ ಕೂತಿವೆ. ಈ ಸಲ ತಪ್ಪಿದರೆ ಮುಂದಿನ ಸಲ ಇದ್ದೇ ಇದೆಯಲ್ಲ ಅಂತ ಜನರಿಗೆ ಗೊತ್ತಾಗಿಬಿಟ್ಟಿದೆ. ಅವರಿಗೆ ನಿಮ್ಮ ಮೇಲಿನ ಪ್ರೀತಿ ಕಡಿಮೆ ಆಗಿಲ್ಲ. ಇವತ್ತೇ ಬರಬೇಕು ಎನ್ನುವ ಕಾರಣ ಮಾತ್ರ ಇಲ್ಲವಾಗಿದೆ.

ಅದಕ್ಕೇ ಊರೋ ನಗರವೋ ಎಂಬ ಪ್ರಶ್ನೆಯನ್ನು ಸ್ವಲ್ಪ ದಿನ ಪಕ್ಕಕ್ಕಿಡಿ ಎನ್ನುತ್ತೇನೆ. ಇದೇ ಹದಿನಾಲ್ಕು ಹಾಡನ್ನು ನಗರಕ್ಕೆ ಹೊತ್ತುಕೊಂಡು ಹೋದರೆ ಎರಡು ವರ್ಷಕ್ಕೆ ಅಲ್ಲೂ ಕುರ್ಚಿ ಖಾಲಿ ಆಗುತ್ತವೆ. ಅಲ್ಲಿ ಬಾಡಿಗೆ ಬೇರೆ ಜಾಸ್ತಿ, ಗುರುತಿನ ಮುಖವೂ ಇರುವುದಿಲ್ಲ. ನಿಮ್ಮ ಊರು ಸಾಲುತ್ತಿಲ್ಲ ಅಂತ ನನಗೆ ಅನಿಸುವುದಿಲ್ಲ. ನಿಮ್ಮಿಬ್ಬರ ನಡುವೆ ಗಾಳಿ ಆಡಲು ಜಾಗ ಸಾಲುತ್ತಿಲ್ಲ. ಹಾಡಿನಲ್ಲಿ, ಕ್ಯಾಲೆಂಡರಿನಲ್ಲಿ, ದುಡ್ಡಿನ ಲೆಕ್ಕದಲ್ಲಿ, ಮಾತಿನಲ್ಲಿ, ಎಲ್ಲ ಕಡೆ ಇಬ್ಬರೂ ಒತ್ತಿಕೊಂಡು ನಿಂತಿದ್ದೀರಿ. ಒಂದು ವರ್ಷ ಆ ಜಾಗ ಮಾಡಿಕೊಂಡು ನೋಡಿ. ನಗರದ ವಿಷಯ ಆಮೇಲೆ ತೀರ್ಮಾನಿಸಿ.

ಮೊದಲು ಕ್ಯಾಲೆಂಡರ್. ಇಪ್ಪತ್ತನಾಲ್ಕನ್ನು ಹನ್ನೆರಡಕ್ಕೆ ಇಳಿಸಿ. ಕಡಿಮೆ ಹಾಡಿದರೆ ಜನ ಮರೆತುಬಿಡುತ್ತಾರೆ ಎಂಬ ಭಯ ಎಲ್ಲರಿಗೂ ಇರುತ್ತದೆ. ಆದರೆ ಒಂದೇ ಊರಿನಲ್ಲಿ ಹದಿನೈದು ದಿನಕ್ಕೊಮ್ಮೆ ಹಾಡುವ ಜೋಡಿಯ ಪೈಪೋಟಿ ಬೇರೆ ಯಾರ ಜೊತೆಗೂ ಅಲ್ಲ, ತನ್ನ ಹಿಂದಿನ ಕಾರ್ಯಕ್ರಮದ ಜೊತೆಗೇ. ಆ ಹನ್ನೆರಡರಲ್ಲಿ ನಾಲ್ಕನ್ನು ದೊಡ್ಡದಾಗಿ ಮಾಡಿ. ಪ್ರತಿಯೊಂದಕ್ಕೂ ಬೇರೆ ಕಾರಣ ಇರಲಿ. ಒಂದರಲ್ಲಿ ಬರೀ ಹೊಸ ಹಾಡು. ಒಂದರಲ್ಲಿ ಮೊದಲ ವರ್ಷ ಬರೆದು ಕೈಬಿಟ್ಟ ಹಾಡುಗಳು. ಒಂದರಲ್ಲಿ ಮೈಕ್ ಇಲ್ಲದೆ ನಲವತ್ತು ಜನರ ನಡುವೆ ಕೂತು ಹಾಡಿ. ಒಂದರಲ್ಲಿ ಅತಿಥಿ ಕಲಾವಿದರು ಇರಲಿ. ಉಳಿದ ಎಂಟನ್ನು ನೀವು ಇದುವರೆಗೆ ಹಾಡದ ಜಾಗಗಳಲ್ಲಿ ಇಟ್ಟುಕೊಳ್ಳಿ: ಗ್ರಂಥಾಲಯ, ಶಾಲೆ, ಯಾರದೋ ಮನೆಯ ಹಜಾರ, ಚಿಕ್ಕ ಗ್ಯಾಲರಿ.

ಸಮಯವನ್ನೂ ಯೋಚಿಸಿ. ಹನ್ನೆರಡು ವರ್ಷದ ಹಿಂದೆ ಇಪ್ಪತ್ತೈದರ ಹುಡುಗಿಯಾಗಿ ನಿಂತು ಕೇಳಿದವರಿಗೆ ಈಗ ಮೂವತ್ತೇಳು. ಅವರ ಮನೆಯಲ್ಲೂ ಈಗ ಚಿಕ್ಕ ಮಗು ಇರಬಹುದು, ಅಲ್ವಾ? ರಾತ್ರಿ ಒಂಬತ್ತಕ್ಕೆ ಶುರುವಾಗುವ ಕಾರ್ಯಕ್ರಮಕ್ಕೆ ಅವರು ಹೇಗೆ ಬರುತ್ತಾರೆ? ನಿಮಗೇ ರಾತ್ರಿ ಕಷ್ಟ ಆಗುತ್ತಿದ್ದರೆ ಅವರಿಗೂ ಆಗುತ್ತಿದೆ. ಒಂದು ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಇಟ್ಟು ನೋಡಿ, ಮಕ್ಕಳನ್ನು ಕರೆತನ್ನಿ ಎಂದು ಹೇಳಿ. ನಾನು ಕೆಲಸ ಮಾಡಿದ ಒಂದು ಜೋಡಿ ಹೀಗೆ ಸಮಯ ಬದಲಿಸಿತು. ವರ್ಷಗಳಿಂದ ಕಾಣದಿದ್ದ ಮುಖಗಳು ಒಂದೇ ಸಂಜೆಯಲ್ಲಿ ವಾಪಸ್ ಬಂದವು. ಅವತ್ತು ಹಾಡುವವರ ಕಣ್ಣಲ್ಲಿ ನೀರಿತ್ತು. ಕೇಳುಗರು ಎಲ್ಲೂ ಹೋಗಿರಲಿಲ್ಲ, ಅವರಿಗೂ ವಯಸ್ಸಾಗಿತ್ತು ಅಷ್ಟೇ.

ಬಂದವರನ್ನು ಒಂದು ಪಟ್ಟಿಯಲ್ಲಿ ಇಟ್ಟುಕೊಳ್ಳಿ. ಬಾಗಿಲಲ್ಲಿ ಒಂದು ನೋಟ್‌ಬುಕ್ ಸಾಕು. ಇಷ್ಟ ಇದ್ದವರು ಹೆಸರು, ಇಮೇಲ್ ಬರೆಯಲಿ. ಸೋಷಿಯಲ್ ಮೀಡಿಯಾ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಅಲ್ಲಿ ನೀವು ಹಾಕಿದ್ದು ಯಾರಿಗೆ ಕಾಣಬೇಕು ಎಂಬುದು ನಿಮ್ಮ ಕೈಯಲ್ಲಿಲ್ಲ. ನೋಟ್‌ಬುಕ್ಕಿನ ಇನ್ನೂರು ಹೆಸರು ನಿಮ್ಮ ಕೈಯಲ್ಲಿದೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಜೋಡಿಯ ಕಥೆ ಹೇಳಬೇಕು. ಜಾನ್ ಫ್ಲಾನ್ಸ್‌ಬರ್ಗ್ ಮತ್ತು ಜಾನ್ ಲಿನೆಲ್ 1982ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ದೇ ಮೈಟ್ ಬಿ ಜೈಂಟ್ಸ್ ಎಂಬ ಹೆಸರಿನಲ್ಲಿ ಶುರು ಮಾಡಿದರು. ಶುರುವಿನ ವರ್ಷಗಳಲ್ಲೇ ಒಬ್ಬರ ಮಣಿಕಟ್ಟು ಮುರಿಯಿತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಇನ್ನೊಬ್ಬರ ಮನೆಗೆ ಕಳ್ಳರು ನುಗ್ಗಿದರು. ಕಾರ್ಯಕ್ರಮ ಕೊಡುವ ಹಾಗಿಲ್ಲ. ಆಗ ಅವರು ಮನೆಯ ಫೋನಿಗೆ ಉತ್ತರ ಕೊಡುವ ಯಂತ್ರ ಇರುತ್ತಿತ್ತಲ್ಲ, ಆನ್ಸರಿಂಗ್ ಮಷಿನ್, ಅದರಲ್ಲಿ ತಮ್ಮ ಹಾಡು ತುಂಬಿಸಿದರು. ನಂಬರನ್ನು ಪತ್ರಿಕೆಯಲ್ಲಿ ಜಾಹೀರಾತು ಹಾಕಿದರು. ಯಾರು ಬೇಕಾದರೂ ಫೋನ್ ಮಾಡಿ ಹಾಡು ಕೇಳಬಹುದು. ಹಾಡು ಆಗಾಗ ಬದಲಾಗುತ್ತಿತ್ತು. ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಲೈನ್ ಸಿಗುತ್ತಿತ್ತು. ಅದಕ್ಕೆ ಡಯಲ್-ಎ-ಸಾಂಗ್ ಎಂದು ಹೆಸರಿಟ್ಟರು, ಎಷ್ಟೋ ವರ್ಷ ನಡೆಸಿದರು.

ಇದರಲ್ಲಿ ನನ್ನನ್ನು ಹಿಡಿದಿಟ್ಟದ್ದು ಆ ಯಂತ್ರ ಅವರಿಂದ ಮಾಡಿಸಿದ ಕೆಲಸ. ಹಾಡು ಬದಲಾಗುತ್ತಲೇ ಇರಬೇಕು ಅಂದರೆ ಹೊಸ ಹಾಡು ಬರೆಯುತ್ತಲೇ ಇರಬೇಕು. ಕೇಳುಗರಿಗೆ ಮತ್ತೆ ಫೋನ್ ಮಾಡಲು ಒಂದು ಕಾರಣ ಸಿಕ್ಕಿತು, ಈ ಇಬ್ಬರಿಗೂ ಮತ್ತೆ ಬರೆಯಲು ಒಂದು ಕಾರಣ ಸಿಕ್ಕಿತು. ನೀವು ಫೋನ್ ಲೈನ್ ಇಡಬೇಕಿಲ್ಲ. ತಿಂಗಳಿಗೆ ಒಂದು ಹೊಸ ಹಾಡನ್ನು ಮೊಬೈಲಿನಲ್ಲೇ ರೆಕಾರ್ಡ್ ಮಾಡಿ, ಆ ನೋಟ್‌ಬುಕ್ಕಿನ ಜನರಿಗೆ ಮಾತ್ರ ಕಳಿಸಿ. ಅರ್ಧ ಬೆಂದ ಹಾಡಾದರೂ ಪರವಾಗಿಲ್ಲ. ಮುಂದಿನ ಕಾರ್ಯಕ್ರಮದಲ್ಲಿ ಅದು ಹೇಗೆ ಬೆಳೆಯಿತು ಎಂದು ನೋಡಲು ಅವರು ಬರುತ್ತಾರೆ.

ಈಗ ನನ್ನ ಕಸುಬಿಗೆ ಬರುತ್ತೇನೆ. ಶಬ್ದ. ನಿಮ್ಮ ಹಾಡು ನಾನು ಕೇಳಿಲ್ಲ. ಆದರೆ ದನಿ ಮತ್ತು ಗಿಟಾರ್ ಇರುವ ಹಳೇ ಜೋಡಿಗಳಲ್ಲಿ ಒಂದು ಅಭ್ಯಾಸ ಮತ್ತೆ ಮತ್ತೆ ಕಂಡಿದ್ದೇನೆ. ಇಬ್ಬರೇ ಇದ್ದೇವೆ, ಖಾಲಿ ಕಾಣಬಾರದು ಅಂತ ಶುರುವಿನಿಂದ ಕೊನೆಯವರೆಗೆ ಇಬ್ಬರೂ ತುಂಬಿಸುತ್ತಲೇ ಇರುತ್ತಾರೆ. ಗಿಟಾರ್ ಆರೂ ತಂತಿಯಲ್ಲಿ ಒಂದೇ ಸಮ ಹೊಡೆಯುತ್ತದೆ. ಎರಡನೇ ದನಿ ಪ್ರತಿ ಸಾಲಿಗೂ ಸೇರುತ್ತದೆ. ಗಿಟಾರಿನ ಅತಿ ತಗ್ಗಿನ ಸ್ವರದ ತಂತಿ ಸುಮಾರು 82 ಹರ್ಟ್ಸ್‌ನಿಂದ ಶುರು (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಅಳತೆ, ಅದು ಹೆಚ್ಚಿದಷ್ಟೂ ಸ್ವರ ಮೇಲೆ). ಅಲ್ಲಿಂದ ಮೇಲೆ ದನಿಯ ಜಾಗವನ್ನೆಲ್ಲ ಹಾದು ಅದರ ನಾದ ಹರಡುತ್ತದೆ. ನಿಮ್ಮ ದನಿ ಇರುವುದೂ ಅಲ್ಲೇ. ಸಾಹಿತ್ಯದ ವ್ಯಂಜನಗಳು, ಕ, ತ, ಸ, ಶ, ಇವು ಸ್ಪಷ್ಟವಾಗಿ ಕೇಳಬೇಕಾದರೆ 2,000 ಹರ್ಟ್ಸ್‌ನಿಂದ ಮೇಲಿನ ಭಾಗ ಖಾಲಿ ಇರಬೇಕು. ತಂತಿಯ ಮೇಲೆ ಪ್ಲೆಕ್ಟ್ರಮ್, ಅಂದರೆ ಮೀಟುವ ಚಿಕ್ಕ ಬಿಲ್ಲೆ, ಬಡಿಯುವ ಸದ್ದು ಅಲ್ಲೇ ಬಂದು ಕೂರುತ್ತದೆ. ಆಮೇಲೆ ದನಿ ಕೇಳಿಸುತ್ತಿಲ್ಲ ಅಂತ ನಾವು ದನಿ ಏರಿಸುತ್ತೇವೆ. ಅವರು ಗಿಟಾರ್ ಏರಿಸುತ್ತಾರೆ. ಕೊನೆಗೆ ಎಲ್ಲ ಜೋರಾಗುತ್ತದೆ, ಮಾತು ಮಾತ್ರ ಕೇಳುವುದಿಲ್ಲ.

ಹಿಂದೂಸ್ತಾನಿ ಸಂಗೀತದ ಹಳೇ ಶೈಲಿಯಾದ ಧ್ರುಪದ್ ಹಾಡುವ ಡಾಗರ್ ಮನೆತನದ ಜೋಡಿಗಳನ್ನು ಕೇಳಿ. ಆಲಾಪದಲ್ಲಿ ಒಬ್ಬರು ಒಂದು ಸ್ವರದವರೆಗೆ ಹೋಗಿ ನಿಲ್ಲುತ್ತಾರೆ. ಇನ್ನೊಬ್ಬರು ಅಲ್ಲಿಂದ ಎತ್ತಿಕೊಳ್ಳುತ್ತಾರೆ. ಒಬ್ಬರು ಹಾಡುವಾಗ ಇನ್ನೊಬ್ಬರು ಸುಮ್ಮನೆ ಕೂತು ಕೇಳುತ್ತಿರುತ್ತಾರೆ. ಆ ಕೇಳುವುದೂ ಹಾಡಿನ ಭಾಗವೇ, ಎದುರು ಕೂತವರಿಗೆ ಅದು ಕಾಣುತ್ತದೆ. ಕರ್ನಾಟಕ ಸಂಗೀತದ ದ್ವಂದ್ವ ಹಾಡುಗಾರಿಕೆಯಲ್ಲೂ ಕಲ್ಪನಾಸ್ವರ, ಅಂದರೆ ಅಲ್ಲೇ ಕಲ್ಪಿಸಿ ಹಾಡುವ ಸ್ವರಗಳು, ಬಂದಾಗ ಸರದಿಯ ಮೇಲೆ ಹಾಡುತ್ತಾರೆ. ಹಾಗಂತ ಸರದಿಯೊಂದೇ ದಾರಿ ಅಲ್ಲ. ಬಾಂಬೆ ಸಿಸ್ಟರ್ಸ್ ಎಂದು ಹೆಸರಾದ ಸಿ. ಸರೋಜಾ ಮತ್ತು ಸಿ. ಲಲಿತಾ ಎರಡು ಕಂಠ ಒಂದೇ ಎನ್ನುವ ಹಾಗೆ ಕೂಡಿ ಹಾಡಿ, ದಶಕಗಳ ಕಾಲ ಕಛೇರಿ ನಡೆಸಿದರು. ಅಲ್ಲಿ ಆ ಒಂದಾಗುವಿಕೆಯೇ ಸೊಗಸು. ನೀವು ಯಾವ ಕಡೆಯವರು ಎಂದು ನೀವೇ ಕಂಡುಕೊಳ್ಳಬೇಕು. ಆದರೆ ಅದು ಆರಿಸಿಕೊಂಡದ್ದಾಗಿರಲಿ, ರೂಢಿಯಿಂದ ಬಂದದ್ದಾಗುವುದು ಬೇಡ.

ಮನೆಯಲ್ಲೇ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಒಂದೇ ಮೈಕ್ ಇಟ್ಟು ಇಬ್ಬರೂ ಅದರ ಎದುರು ನಿಲ್ಲಿ. ನಿಮ್ಮ ದನಿ ನಿಮಗೇ ಕೇಳಿಸುವ ಸ್ಪೀಕರ್, ಮಾನಿಟರ್, ಬೇಡ. ಶಬ್ದ ಏರಿಳಿಸುವ ಮಿಕ್ಸರ್ ಮುಟ್ಟಬೇಡಿ. ಶಬ್ದ ಹೆಚ್ಚು ಕಡಿಮೆ ಆಗಬೇಕಾದರೆ ಕಾಲಿನಿಂದಲೇ ಮಾಡಬೇಕು. ಮೈಕಿಗೂ ನಿಮಗೂ ಇರುವ ದೂರ ಅರ್ಧ ಆದರೆ ನಿಮ್ಮ ದನಿ ಸುಮಾರು 6 ಡೆಸಿಬಲ್ ಏರುತ್ತದೆ. ಒಂದು ಹೆಜ್ಜೆಗೇ ಅಷ್ಟು ವ್ಯತ್ಯಾಸ. ತೀರಾ ಹತ್ತಿರ ಹೋದರೆ ಸಾಮಾನ್ಯ ವೇದಿಕೆ ಮೈಕುಗಳಲ್ಲಿ ದನಿಯ ತಗ್ಗಿನ ಭಾಗ ಉಬ್ಬುತ್ತದೆ, ದಪ್ಪ ಕೇಳುತ್ತದೆ. ಹೀಗೆ ಹತ್ತು ದಿನ ಪ್ರ್ಯಾಕ್ಟೀಸ್ ಮಾಡಿ. ಅವಳು ಮುಂದೆ ಬರಬೇಕಾದರೆ ನೀವು ಹಿಂದೆ ಸರಿಯಲೇಬೇಕು. ನೀವು ಪಿಸುಗುಟ್ಟುವ ಸಾಲಿನಲ್ಲಿ ಅವಳು ಗಿಟಾರನ್ನು ಪಕ್ಕಕ್ಕೆ ತಿರುಗಿಸಲೇಬೇಕು. ಸೌಂಡ್ ನೋಡುವವರ ಮೇಲೆ ಹಾಕಿದ್ದ ಜವಾಬ್ದಾರಿ ನಿಮ್ಮಿಬ್ಬರ ಕಿವಿಗೆ ವಾಪಸ್ ಬರುತ್ತದೆ. ನನ್ನ ಅನುಭವದಲ್ಲಿ ಹಳೇ ಜೋಡಿಯನ್ನು ಮತ್ತೆ ಹೊಸದು ಮಾಡಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಅದರ ಜೊತೆಗೆ, ಒಂದು ಹಾಡಿನ ಮೊದಲ ಚರಣಕ್ಕೆ ಗಿಟಾರನ್ನು ಎರಡೇ ತಂತಿಗೆ ಇಳಿಸಿ. ಕೇಪೋ, ಅಂದರೆ ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್, ಹಾಕಿ ಕಾರ್ಡುಗಳನ್ನು ಮೇಲೆ ಎತ್ತಿ ನೋಡಿ, ಕೆಳಗೆ ನಿಮ್ಮ ದನಿಗೆ ಜಾಗ ಬಿಡುತ್ತದೆ. ಎರಡನೇ ದನಿಯನ್ನು ಕೊನೆಯ ಚರಣದವರೆಗೆ ತಡೆದಿಟ್ಟುಕೊಳ್ಳಿ. ಅದು ಬಂದಾಗ ಜನ ತಲೆ ಎತ್ತುತ್ತಾರೆ. ರೆಕಾರ್ಡ್ ಮಾಡಿ, ಅವತ್ತೇ ಕೇಳಬೇಡಿ, ಮೂರು ದಿನ ಬಿಟ್ಟು ಕೇಳಿ. ಅಷ್ಟು ಹೊತ್ತಿಗೆ ನೀವೂ ಒಬ್ಬ ಕೇಳುಗರಾಗಿರುತ್ತೀರಿ.

ಡ್ರಮ್ಸ್ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಡ್ರಮ್ಸ್ ಸೇರಿಸಿ ದಾರಿ ತೆರೆದದ್ದಕ್ಕೆ ದೊಡ್ಡ ಉದಾಹರಣೆಯೇ ಇದೆ. ಅಮೆರಿಕದ ಹಾಡುಗಾರ ಜೋಡಿ ಸೈಮನ್ ಮತ್ತು ಗಾರ್ಫಂಕಲ್ ಅವರ 1964ರ ಮೊದಲ ಆಲ್ಬಮ್ ಮಾರಾಟ ಆಗಲಿಲ್ಲ, ಇಬ್ಬರೂ ಬೇರೆಯಾದರು. ಮುಂದಿನ ವರ್ಷ ನಿರ್ಮಾಪಕ ಟಾಮ್ ವಿಲ್ಸನ್ ಅದರ ಒಂದು ಹಾಡಿಗೆ ಅವರನ್ನು ಕೇಳದೆಯೇ ಎಲೆಕ್ಟ್ರಿಕ್ ಗಿಟಾರ್, ಬೇಸ್, ಡ್ರಮ್ಸ್ ಸೇರಿಸಿದರು. 1966ರ ಜನವರಿಯಲ್ಲಿ ಅದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಜೋಡಿ ಮತ್ತೆ ಒಂದಾಯಿತು. ಆದರೆ ಅದು ರೆಕಾರ್ಡಿಂಗ್. ಅಲ್ಲಿ ಡ್ರಮ್ಸ್ ಎಷ್ಟು ಬೇಕೋ ಅಷ್ಟಕ್ಕೆ ಇಳಿಸಬಹುದು. ಎಂಬತ್ತು ಜನರ ಕೋಣೆಯಲ್ಲಿ ಇಳಿಸಲಾಗುವುದಿಲ್ಲ. ಡ್ರಮ್ಸ್ ಜೊತೆಗಿರುವ ಲೋಹದ ತಟ್ಟೆಗಳ, ಸಿಂಬಲ್‌ಗಳ, ಸದ್ದು ನೇರವಾಗಿ ನಿಮ್ಮ ವ್ಯಂಜನಗಳ ಮೇಲೆ ಬೀಳುತ್ತದೆ. ನಿಮ್ಮ ಜೋಡಿಯ ಜೀವ ಸಾಹಿತ್ಯದಲ್ಲಿದೆ ಎಂದು ಪತ್ರದಿಂದ ಅನಿಸಿತು. ಅದನ್ನು ಮುಚ್ಚಿಹಾಕಬೇಡಿ.

ಆಗಲೇ ಹೇಳಿದ ದೇ ಮೈಟ್ ಬಿ ಜೈಂಟ್ಸ್ ಹತ್ತು ವರ್ಷ ಇಬ್ಬರೇ ಇದ್ದರು, ತಾಳಕ್ಕೆ ಯಂತ್ರ ಮತ್ತು ಟೇಪ್ ಬಳಸಿದರು. ಪೂರ್ತಿ ಬ್ಯಾಂಡ್ ಕಟ್ಟಿದ್ದು 1992ರಲ್ಲಿ. ಅಷ್ಟು ಹೊತ್ತಿಗೆ ಅವರ ಹಾಡಿನ ಸ್ವಭಾವ ಗಟ್ಟಿಯಾಗಿತ್ತು, ಯಾರು ಬಂದು ಸೇರಿದರೂ ಅದು ಅಲುಗಾಡುತ್ತಿರಲಿಲ್ಲ. ಅಮೆರಿಕದ ಡೆಟ್ರಾಯಿಟ್‌ನ ರಾಕ್ ಜೋಡಿ ದಿ ವೈಟ್ ಸ್ಟ್ರೈಪ್ಸ್ ಇನ್ನೊಂದು ದಾರಿ ಹಿಡಿದರು. 1997ರಿಂದ 2011ರವರೆಗೆ ಬಹುಪಾಲು ಗಿಟಾರ್ ಮತ್ತು ಡ್ರಮ್ಸ್ ಎರಡರಲ್ಲೇ ನಿಂತರು, ಬೇಸ್ ವಾದಕರು ಇರಲೇ ಇಲ್ಲ. ಆ ಕೊರತೆಯೇ ಅವರ ಗುರುತಾಯಿತು. ನನ್ನ ಸಲಹೆ ಕೇಳಿದರೆ, ವರ್ಷದ ಒಂದು ದೊಡ್ಡ ಕಾರ್ಯಕ್ರಮಕ್ಕೆ ತಾಳವಾದ್ಯದವರನ್ನು ಅತಿಥಿಯಾಗಿ ಕರೆಯಿರಿ. ನಾಲ್ಕು ಹಾಡಿಗೆ ಸಾಕು. ಕೋಲಿನ ಬದಲು ಬ್ರಶ್‌ನಲ್ಲಿ ಮೆತ್ತಗೆ ನುಡಿಸುವವರಾದರೆ ಇನ್ನೂ ಒಳ್ಳೆಯದು. ಅವರ ಸಂಭಾವನೆ ಮೊದಲೇ ಮಾತಾಡಿ.

ಇನ್ನು ಬರೆದಿಡದ ಲೆಕ್ಕ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಆತಂಕ ಆದದ್ದು ಇಲ್ಲಿ.

ಒಂದು ಹಾಡಿನಲ್ಲಿ ಎರಡು ಬೇರೆ ಆಸ್ತಿ ಇರುತ್ತವೆ. ಒಂದು ಬರೆದ ಹಾಡು, ಅಂದರೆ ಸಾಹಿತ್ಯ ಮತ್ತು ರಾಗ. ಇನ್ನೊಂದು ಅದರ ರೆಕಾರ್ಡಿಂಗ್. ನಾಳೆ ಬೇರೆ ಯಾರೋ ನಿಮ್ಮ ಹಾಡು ಹಾಡಿದರೆ ಮೊದಲನೆಯದರ ಹಣ ಬರುತ್ತದೆ. ನಿಮ್ಮ ರೆಕಾರ್ಡಿಂಗ್ ಎಲ್ಲಾದರೂ ಬಳಸಿದರೆ ಎರಡರದ್ದೂ ಬರುತ್ತದೆ. ಸಾಹಿತ್ಯ ಮತ್ತು ರಾಗವನ್ನು ಕಾನೂನು ಎಲ್ಲ ಕಡೆ ಒಂದೇ ರೀತಿ ನೋಡುವುದಿಲ್ಲ. ಭಾರತದ 1957ರ ಕಾಪಿರೈಟ್ ಕಾಯಿದೆಯಲ್ಲಿ ಸಾಹಿತ್ಯ ಒಂದು ಕೃತಿ, ಸಂಗೀತ ಇನ್ನೊಂದು ಕೃತಿ. ಅಮೆರಿಕದಲ್ಲಿ ಇಬ್ಬರೂ ಕೂಡಿ ಮಾಡುವ ಉದ್ದೇಶದಿಂದಲೇ ಮಾಡಿದ ಹಾಡನ್ನು ಸಾಮಾನ್ಯವಾಗಿ ಜಂಟಿ ಕೃತಿ ಎಂದು ನೋಡುತ್ತಾರೆ. ಜಂಟಿ ಕೃತಿಯ ಹಕ್ಕಿನ ಅವಧಿಯನ್ನು ಕೊನೆಗೆ ಉಳಿದ ಲೇಖಕರು ತೀರಿಕೊಂಡ ಮೇಲಿಂದ ಎಣಿಸಬೇಕು ಎಂದು ಕಾಪಿರೈಟ್ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದ ಹೇಳುತ್ತದೆ. ಅಂದರೆ ಈ ಮೂವತ್ತು ಹಾಡುಗಳು ನಿಮ್ಮಿಬ್ಬರಿಗಿಂತ ಹೆಚ್ಚು ವರ್ಷ ಬದುಕುತ್ತವೆ. ಮುಂದೆ ನಿಮ್ಮ ಮಗು ಈ ಲೆಕ್ಕ ಹುಡುಕಬೇಕಾಗಬಹುದು.

ಬರೆಯದೆ ಇದ್ದರೆ ಏನಾಗುತ್ತದೆ ಎಂದು ಹೇಳಲೇ? ಇಬ್ಬರೂ ಜೊತೆಗಿರುವಾಗ ಏನೂ ಆಗುವುದಿಲ್ಲ. ಅದೇ ತೊಂದರೆ. ಎಲ್ಲ ಚೆನ್ನಾಗಿದ್ದಾಗ ಬರೆಯಲು ಸಂಕೋಚ, ಮನಸ್ಸು ಮುರಿದಾಗ ಬರೆಯಲು ಸಾಧ್ಯವೇ ಇಲ್ಲ. ಬೀಟಲ್ಸ್ ತಂಡದ ಲೆನನ್ ಮತ್ತು ಮೆಕಾರ್ಟ್ನಿ ಹುಡುಗರಾಗಿದ್ದಾಗಲೇ ಮಾತಾಡಿಕೊಂಡಿದ್ದರು, ಒಬ್ಬರೇ ಬರೆದ ಹಾಡಿಗೂ ಇಬ್ಬರ ಹೆಸರು ಹಾಕಬೇಕು ಎಂದು. ಸೈಮನ್ ಮತ್ತು ಗಾರ್ಫಂಕಲ್ ಜೋಡಿಯಲ್ಲಿ ಹಾಡುಗಳನ್ನು ಬಹುಪಾಲು ಬರೆದದ್ದು ಪಾಲ್ ಸೈಮನ್, ಬರೆದವರ ಹೆಸರೂ ಅವರದೇ. ಎರಡರಲ್ಲಿ ಯಾವುದೂ ತಪ್ಪಲ್ಲ. ಇಬ್ಬರಿಗೂ ಮೊದಲೇ ಗೊತ್ತಿರಬೇಕು ಅಷ್ಟೇ. ನಿಮ್ಮ ವಿಷಯದಲ್ಲಿ ಇದುವರೆಗಿನ ಮೂವತ್ತೂ ಹಾಡನ್ನು ಅರ್ಧ ಅರ್ಧ ಎಂದು ಬರೆದುಬಿಡಿ ಎನ್ನುತ್ತೇನೆ. ಸಾಹಿತ್ಯ ನಿಮ್ಮದು, ರಾಗ ಅವಳದ್ದು, ಸಹಜವಾಗಿಯೇ ಅದು ಅರ್ಧಕ್ಕೆ ಹತ್ತಿರ. ಯಾವ ಸಾಲು ಯಾರು ತಿದ್ದಿದ್ದು ಎಂದು ಹನ್ನೆರಡು ವರ್ಷ ಹಿಂದಕ್ಕೆ ಹೋಗಿ ಕೆದಕಿದರೆ ಸಿಗುವುದು ಜಗಳ ಮಾತ್ರ. ಹೊಸ ಹಾಡುಗಳಿಗೆ ಮಾತ್ರ, ಹಾಡು ಮುಗಿದ ದಿನವೇ ಒಂದು ಹಾಳೆಯಲ್ಲಿ ಹೆಸರು, ತಾರೀಕು, ಪಾಲು ಬರೆದು ಇಬ್ಬರೂ ಸಹಿ ಹಾಕಿ.

ರೆಕಾರ್ಡ್ ಆದ ಪ್ರತಿ ಹಾಡಿಗೂ ಐಎಸ್‌ಆರ್‌ಸಿ ಎಂಬ ಹನ್ನೆರಡು ಅಕ್ಷರ–ಅಂಕಿಗಳ ಗುರುತು ಸಂಖ್ಯೆ ಪಡೆಯಬಹುದು. ಅದನ್ನೂ ಅದೇ ಹಾಳೆಯಲ್ಲಿ ಬರೆದಿಡಿ. ಹಾಡು ಬರೆದವರ ಪರವಾಗಿ ಹಣ ಸಂಗ್ರಹಿಸುವ ಸಂಘಕ್ಕೆ ಇಬ್ಬರೂ ಸೇರಿಕೊಳ್ಳಿ, ಒಬ್ಬರೇ ಸೇರಿದರೆ ಒಬ್ಬರ ಪಾಲು ಮಾತ್ರ ಬರುತ್ತದೆ.

ಕಾರ್ಯಕ್ರಮದ ಸಂಭಾವನೆಯನ್ನು ಎರಡು ಪಾಲು ಮಾಡುತ್ತಿದ್ದೀರಿ ಅಂತ ಕಾಣುತ್ತದೆ. ಮೂರು ಮಾಡಿ. ಒಂದು ನಿಮಗೆ, ಒಂದು ಅವಳಿಗೆ, ಒಂದು ಜೋಡಿಗೆ. ತಂತಿ, ಮೈಕ್, ಪ್ರಯಾಣ, ರೆಕಾರ್ಡಿಂಗ್, ಅತಿಥಿಯ ಸಂಭಾವನೆ ಎಲ್ಲ ಆ ಮೂರನೇ ಪಾಲಿನಿಂದ ಹೋಗಲಿ. ಇದರಿಂದ ಒಂದು ಸೂಕ್ಷ್ಮ ತೊಂದರೆ ತಪ್ಪುತ್ತದೆ. ಈಗ ಹೊಸದೇನಾದರೂ ಮಾಡೋಣ ಎಂದರೆ ಅದು ಒಬ್ಬರ ಜೇಬಿನಿಂದ ಹೋಗಬೇಕು, ಹಾಗಾಗಿ ಆಸೆ ಹೇಳಿಕೊಂಡವರೇ ತಪ್ಪಿತಸ್ಥರ ಹಾಗೆ ಕಾಣುತ್ತಾರೆ. ನಗರಕ್ಕೆ ಹೋಗೋಣ ಎಂದ ನಿಮ್ಮ ಗೆಳತಿಗೂ ಹಾಗೇ ಅನಿಸಿರಬಹುದು.

ಹೆಸರಿನ ವಿಷಯವನ್ನೂ ಅದೇ ಹಾಳೆಯಲ್ಲಿ ಸೇರಿಸಿ. ಹಿಂದಿ ಚಿತ್ರಸಂಗೀತದ ಜೈಕಿಶನ್ 1971ರಲ್ಲಿ ತೀರಿಕೊಂಡ ಮೇಲೂ ಶಂಕರ್ ಅವರು 1987ರಲ್ಲಿ ತಾವು ತೀರಿಕೊಳ್ಳುವವರೆಗೆ ಶಂಕರ್–ಜೈಕಿಶನ್ ಎಂಬ ಜೋಡಿ ಹೆಸರಿನಲ್ಲೇ ಸಂಗೀತ ಕೊಟ್ಟರು. ನನಗೆ ಅದು ಮನಸ್ಸು ತಟ್ಟುವ ಸಂಗತಿ. ನಮ್ಮ ರಾಜನ್–ನಾಗೇಂದ್ರ ಅವರಲ್ಲಿ ಒಬ್ಬರ ಹೆಸರು ಬಿಟ್ಟು ಇನ್ನೊಬ್ಬರ ಹೆಸರು ಇವತ್ತಿಗೂ ಬಾಯಿಗೆ ಬರುವುದಿಲ್ಲ. ಜೋಡಿಯ ಹೆಸರು ಮೂರನೆಯ ವ್ಯಕ್ತಿ ಇದ್ದ ಹಾಗೆ. ಒಬ್ಬರು ಹೊರಟರೆ ಇನ್ನೊಬ್ಬರು ಆ ಹೆಸರಿನಲ್ಲಿ ಹಾಡಬಹುದೇ, ಬೇಡವೇ? ಎರಡು ಸಾಲು ಬರೆದರೆ ಸಾಕು.

ನಿಮ್ಮ ಭಯದ ಬಗ್ಗೆ ಈಗ ಹೇಳುತ್ತೇನೆ. ಅಮೆರಿಕದಲ್ಲಿ ಎವರ್ಲಿ ಬ್ರದರ್ಸ್ ಎಂಬ ಹಾಡುಗಾರ ಅಣ್ಣ ತಮ್ಮ ಇದ್ದರು, ಡಾನ್ ಮತ್ತು ಫಿಲ್. ಎರಡು ದನಿ ಅಂಟಿಕೊಂಡ ಹಾಗೆ ಹಾಡುವುದರಲ್ಲಿ ಅವರನ್ನು ಮೀರಿಸಿದವರು ಕಡಿಮೆ. 1973ರ ಜುಲೈ 14ರಂದು ಕ್ಯಾಲಿಫೋರ್ನಿಯಾದಲ್ಲಿ ಕಾರ್ಯಕ್ರಮದ ನಡುವೆಯೇ ಫಿಲ್ ಗಿಟಾರ್ ಒಡೆದು ವೇದಿಕೆ ಇಳಿದುಹೋದರು. ಮತ್ತೆ ಜೊತೆಯಾಗಿ ಕಾರ್ಯಕ್ರಮ ಕೊಟ್ಟದ್ದು 1983ರಲ್ಲಿ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹತ್ತು ವರ್ಷ! ಒಂದೇ ಮನೆಯಲ್ಲಿ ಹುಟ್ಟಿ, ಒಂದೇ ಉಸಿರಿನಲ್ಲಿ ಹಾಡಿದವರಿಗೂ ಮಾತು ನಿಂತುಹೋಗಬಹುದು. ವೇದಿಕೆಯ ಮೇಲೆ ಕಣ್ಣಲ್ಲೇ ಎಲ್ಲ ಅರ್ಥವಾಗುತ್ತದೆ, ಅದಕ್ಕೇ ಕೆಳಗಿಳಿದ ಮೇಲೂ ಅರ್ಥವಾಗಿರುತ್ತದೆ ಎಂದುಕೊಂಡುಬಿಡುತ್ತೇವೆ. ಹಾಗೆ ಆಗುವುದಿಲ್ಲ. ಬಾಯಿಬಿಟ್ಟು ಹೇಳಬೇಕು.

ಇದಕ್ಕೆ ಎದುರಾಗಿ ಇನ್ನೊಂದು ಜೋಡಿ ನೋಡಿ. ಇಂಡಿಗೋ ಗರ್ಲ್ಸ್ ಎಂಬ ಹೆಸರಿನ ಏಮಿ ರೇ ಮತ್ತು ಎಮಿಲಿ ಸ್ಯಾಲಿಯರ್ಸ್, ಅಮೆರಿಕದ ಜಾರ್ಜಿಯಾ ರಾಜ್ಯದ ಡೆಕೇಟರ್ ಊರಿನವರು. ಪ್ರಾಥಮಿಕ ಶಾಲೆಯಿಂದ ಪರಿಚಯ. 1985ರಿಂದ ಅದೇ ಹೆಸರಿನಲ್ಲಿ ಹಾಡುತ್ತಿದ್ದಾರೆ. ಅಟ್ಲಾಂಟಾ ಸುತ್ತಮುತ್ತಲಿನ ಚಿಕ್ಕ ಚಿಕ್ಕ ಜಾಗಗಳಲ್ಲಿ ಹಾಡಿ ಬೆಳೆದವರು. ಅವರು ಸಾಮಾನ್ಯವಾಗಿ ಕೂತು ಜೊತೆಯಾಗಿ ಬರೆಯುವುದಿಲ್ಲ. ಒಬ್ಬೊಬ್ಬರು ತಮ್ಮ ತಮ್ಮ ಹಾಡು ಬರೆದು ತರುತ್ತಾರೆ, ಆಮೇಲೆ ಎರಡು ದನಿಗೆ ಹೊಂದಿಸುತ್ತಾರೆ. ಒಬ್ಬರದು ಒರಟು, ತಗ್ಗಿನ ದನಿ. ಇನ್ನೊಬ್ಬರದು ಮೇಲಿನ, ತಿಳಿಯಾದ ದನಿ. ಇಬ್ಬರೂ ಒಂಟಿ ಆಲ್ಬಮ್‌ಗಳನ್ನೂ ಮಾಡಿದ್ದಾರೆ. ಏಮಿ ರೇ ಅವರ ಮೊದಲನೆಯದು 2001ರಲ್ಲಿ ಬಂತು. ಜೋಡಿ ಮುರಿಯಲಿಲ್ಲ. ಹೊರಗೆ ಉಸಿರಾಡಿ ಬಂದವರು ಒಳಗೆ ಹೊಸದೇನೋ ತರುತ್ತಾರೆ.

ಇನ್ನೂ ಒಂದು ಕೆಲಸ ಅವರಿಂದ ಕಲಿಯುವಂಥದ್ದು. 1990ರಲ್ಲಿ ಏಮಿ ರೇ ತಮ್ಮ ಊರಿನಲ್ಲೇ ಡೀಮನ್ ರೆಕಾರ್ಡ್ಸ್ ಎಂಬ ಚಿಕ್ಕ ಸಂಸ್ಥೆ ತೆರೆದು, ದೊಡ್ಡ ಕಂಪನಿಗಳ ಕಣ್ಣಿಗೆ ಬೀಳದ ಸುತ್ತಲಿನ ಕಲಾವಿದರ ಹಾಡು ಹೊರತಂದರು. ಒಂದು ಊರಿನಲ್ಲಿ ಒಂದೇ ಜೋಡಿ ಇದ್ದರೆ ಅದು ಒಂದು ಹವ್ಯಾಸ. ಐದು ತಂಡ ಇದ್ದರೆ ಜನರಿಗೆ ಹಾಡು ಕೇಳಲು ಹೋಗುವ ರೂಢಿ ಹುಟ್ಟುತ್ತದೆ. ಹನ್ನೆರಡು ವರ್ಷ ಆದ ನೀವು ಆ ಊರಿನ ಹಿರಿಯರು ಈಗ. ನಿಮ್ಮ ಪ್ರತಿ ದೊಡ್ಡ ಕಾರ್ಯಕ್ರಮದಲ್ಲೂ ಮೊದಲ ಇಪ್ಪತ್ತು ನಿಮಿಷ ಒಬ್ಬ ಹೊಸ ಹುಡುಗನಿಗೋ ಹುಡುಗಿಗೋ ಕೊಡಿ. ಅವರ ಗೆಳೆಯರು ಬರುತ್ತಾರೆ, ನಿಮ್ಮನ್ನು ಮೊದಲ ಸಲ ಕೇಳುತ್ತಾರೆ. ಅವರಿಗೂ ಒಳ್ಳೆಯ ಸೌಂಡ್, ಸರಿಯಾದ ಸಂಭಾವನೆ ಕೊಡಿ. ಸುಮ್ನೆ ವೇದಿಕೆ ಸಿಕ್ಕಿತಲ್ಲ ಎನ್ನಬೇಡಿ.

ನಗರದ ಮಾತಿಗೆ ಬಂದರೆ, ಹೋಗುವುದು ಮತ್ತು ಇರುವುದು ಎಂಬ ಎರಡರ ನಡುವೆ ಒಂದು ದಾರಿ ಇದೆ. ರಾತ್ರಿಯೇ ವಾಪಸ್ ಬರಬಹುದಾದ ದೂರದಲ್ಲಿ ಎರಡು ಊರು ಆರಿಸಿ. ನಾಲ್ಕು ತಿಂಗಳಿಗೊಮ್ಮೆ ಎರಡಕ್ಕೂ ಹೋಗಿ. ಮೊದಲ ಸಲ ಹದಿನೈದು ಜನ ಬರಬಹುದು. ಬೇಜಾರು ಮಾಡಿಕೊಳ್ಳಬೇಡಿ, ಮೂರನೇ ಸಲ ಹೋದ ಮೇಲೆ ಮಾತ್ರ ಲೆಕ್ಕ ಹಾಕಿ. ಅಲ್ಲಿನ ಒಂದು ತಂಡವನ್ನು ನಿಮ್ಮ ಊರಿಗೆ ಕರೆಯಿರಿ, ಅವರು ನಿಮ್ಮನ್ನು ಅವರ ಊರಿಗೆ ಕರೆಯಲಿ. ಕೆಲಸ ಮತ್ತು ಮಗು ಎರಡೂ ಉಳಿಯುತ್ತವೆ, ನಿಮ್ಮ ಗೆಳತಿಗೆ ಹೊಸ ಮುಖಗಳೂ ಸಿಗುತ್ತವೆ. ವರ್ಷದ ಕೊನೆಗೂ ಅವಳಿಗೆ ಹೋಗಲೇಬೇಕು ಅನಿಸಿದರೆ ಮನಸ್ಸಿನಿಂದ ಕಳಿಸಿಕೊಡಿ. ವರ್ಷಕ್ಕೆ ಆರು ವಾರ ಜೊತೆಗೆ ಹಾಡುವ ಜೋಡಿಯೂ ಜೋಡಿಯೇ.

ಅವಳ ಹತ್ತಿರ ಹೇಗೆ ಮಾತು ಎತ್ತಲಿ ಎಂದು ಕೇಳಿದ್ದೀರಿ. ನಗರದಿಂದ ಶುರು ಮಾಡಬೇಡಿ, ದುಡ್ಡಿನಿಂದಲೂ ಬೇಡ. ಮುಂದಿನ ಪ್ರ್ಯಾಕ್ಟೀಸ್‌ಗೆ ಮೂವತ್ತೂ ಹಾಡಿನ ಹೆಸರನ್ನು ಎರಡು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಒಂದು ಅವಳಿಗೆ ಕೊಡಿ. "ಇದರಲ್ಲಿ ನಿನಗೆ ಹಾಡೋಕೆ ಬೇಜಾರಾಗಿರೋದು ಯಾವುದು, ಗುರುತು ಹಾಕು. ನಾನೂ ಹಾಕ್ತೀನಿ" ಅನ್ನಿ. ಒಬ್ಬರದನ್ನೊಬ್ಬರು ನೋಡದೆ ಗುರುತು ಹಾಕಿ. ಆಮೇಲೆ ಎರಡೂ ಹಾಳೆ ಪಕ್ಕ ಪಕ್ಕ ಇಡಿ. ಇಬ್ಬರೂ ಗುರುತು ಹಾಕಿದ ಹಾಡುಗಳನ್ನು ಒಂದು ವರ್ಷ ಹಾಡಬೇಡಿ. ಇಬ್ಬರೂ ಮುಟ್ಟದೆ ಬಿಟ್ಟ ಹಾಡುಗಳಲ್ಲಿ ಒಂದನ್ನು ಆರಿಸಿ, ಒಂದು ಮೈಕ್ ಇಟ್ಟು, ಆ ಸಂಜೆಯೇ ಹಾಡಲು ಶುರು ಮಾಡಿ. ಉಳಿದ ಮಾತು ಆ ಹಾಡು ಮುಗಿದ ಮೇಲೆ ಆಡಿ.